ಅಭಿಮಾನಿಗಳು ಕೇಳಿ ಪಡೆದ ಕಥೆಗಳು

ಬ್ಯಾಂಕಾಕ್‌ನಲ್ಲಿ ರಾತ್ರಿ ಎಂಟೂವರೆಯಾದರೆ ಬೆಂಗಳೂರಿನಲ್ಲಿ ಏಳು ಗಂಟೆ. ಕನ್ನಡದ ಮನೆಗಳಲ್ಲಿ ಧಾರಾವಾಹಿಗಳು ಒಂದರ ಹಿಂದೊಂದು ಶುರುವಾಗುವ ಹೊತ್ತು. ಥಾಯ್ಲೆಂಡಿನ ಜಿಎಂಎಂ 25 ವಾಹಿನಿಗೂ ಅದೇ ಧಾರಾವಾಹಿಯ ಹೊತ್ತು. ಅಲ್ಲಿ ಟಿವಿಯಲ್ಲಿ ಬಂದ ಕಂತು ಬಹುಪಾಲು ಅದೇ ರಾತ್ರಿ ನಾಲ್ಕು ತುಂಡುಗಳಾಗಿ ಯೂಟ್ಯೂಬ್‌ಗೂ ಬರುತ್ತದೆ. ಕೆಳಗೆ ಇಂಗ್ಲಿಷ್ ಸಬ್‌ಟೈಟಲ್ ಇರುತ್ತದೆ, ದುಡ್ಡು ಕೊಡಬೇಕಿಲ್ಲ. ಹಾಲ್‌ನಲ್ಲಿ ದೊಡ್ಡವರು ಅತ್ತೆ–ಸೊಸೆಯರ ಜಗಳ ನೋಡುತ್ತಿದ್ದರೆ, ಕೋಣೆಯಲ್ಲಿ ಇಯರ್‌ಫೋನ್ ಹಾಕಿಕೊಂಡ ಮಗಳು ಇಬ್ಬರು ಹುಡುಗರು ಪರಸ್ಪರ ಪ್ರೀತಿಸುವ ಕಥೆಯೊಂದರ ಮೂರನೇ ತುಂಡಿಗೆ ಬಂದಿರುತ್ತಾಳೆ.

ಇಂಥ ಕಥೆಗಳಿಗೆ ಬಾಯ್ಸ್ ಲವ್, ಚಿಕ್ಕದಾಗಿ ಬಿಎಲ್ ಎಂದು ಹೆಸರು. ಥಾಯ್ಲೆಂಡ್, ಜಪಾನ್, ತೈವಾನ್, ದಕ್ಷಿಣ ಕೊರಿಯಾ, ಫಿಲಿಪ್ಪೀನ್ಸ್ ದೇಶಗಳಿಂದ ವರ್ಷವರ್ಷವೂ ಹೊಸ ಬಿಎಲ್ ಧಾರಾವಾಹಿಗಳು ಬರುತ್ತಿವೆ. ಮೂಲ ಕಾದಂಬರಿ ಬರೆಯುವವರಲ್ಲೂ ನೋಡುವವರಲ್ಲೂ ಹೆಣ್ಣುಮಕ್ಕಳೇ ಹೆಚ್ಚು. ಜನ ನಗುವುದು ಅದಕ್ಕೇ. ಗಂಡಸರು ಐಪಿಎಲ್‌ಗಾಗಿ ನಡುರಾತ್ರಿಯವರೆಗೆ ಎದ್ದಿದ್ದರೆ ಅದು ಆಸಕ್ತಿ. ಹುಡುಗಿಯರು ಬಿಎಲ್ ನೋಡಲು ಎದ್ದಿದ್ದರೆ ಹುಚ್ಚು. ‘ಇಬ್ಬರು ಹುಡುಗರ ಪ್ರೀತಿ ಕಟ್ಟಿಕೊಂಡು ಇವರಿಗೇನಾಗಬೇಕು?’ ಎಂದು ಕೇಳುವವರು ಉತ್ತರಕ್ಕೆ ಕಾಯುವುದೂ ಇಲ್ಲ.

ಕಾಯಬೇಕು. ನೋಡುಗರೇ ಬರೆದು, ತಕರಾರು ತೆಗೆದು, ತಿದ್ದಿಸಿ ಇಷ್ಟರ ಮಟ್ಟಿಗೆ ಬೆಳೆಸಿದ ಇನ್ನೊಂದು ಪ್ರಕಾರ ಟಿವಿ ಲೋಕದಲ್ಲಿ ಸುಲಭಕ್ಕೆ ಸಿಗುವುದಿಲ್ಲ. ಆ ಅಭಿಮಾನದ ಬಲವೇ ಕೆಲವು ಕಡೆ ಅನಾಹುತವನ್ನೂ ಮಾಡಿದೆ. ಇವೆರಡನ್ನೂ ಬಲ್ಲವರು ಬಿಎಲ್ ಅಭಿಮಾನಿಗಳನ್ನು ನಗೆಯಲ್ಲಿ ತೇಲಿಸಿಬಿಡಲಾರರು. ಅವರಿಂದ ಹೆಚ್ಚಿನದನ್ನೇ ನಿರೀಕ್ಷಿಸುತ್ತಾರೆ.

ಕಥೆ ಶುರುವಾಗುವುದು ಟಿವಿಯಲ್ಲಲ್ಲ, ಜಪಾನಿನ ಹುಡುಗಿಯರ ಚಿತ್ರಕಥಾ ಪತ್ರಿಕೆಗಳಲ್ಲಿ. 1970ರ ಸುಮಾರಿಗೆ ಇಪ್ಪತ್ತರ ಆಸುಪಾಸಿನ ಕೆಲವು ಕಲಾವಿದೆಯರು ಟೋಕಿಯೋದ ನೆರಿಮಾ ವಾರ್ಡಿನ ಓಯಿಜುಮಿಯಲ್ಲಿ ಒಂದು ಹಳೆಯ ಬಾಡಿಗೆ ಮನೆಯಲ್ಲಿ ಸೇರುತ್ತಿದ್ದರು. ಕೇಕೊ ತಾಕೆಮಿಯಾ ಮತ್ತು ಮೋಟೊ ಹಾಗಿಯೊ ಅಲ್ಲೇ ವಾಸವಿದ್ದರು. ಅದಕ್ಕೂ ಮೊದಲು ಹುಡುಗಿಯರಿಗೆಂದು ಬರುತ್ತಿದ್ದ ಚಿತ್ರಕಥೆಗಳಲ್ಲಿ ಬಹಳಷ್ಟನ್ನು ಗಂಡಸರೇ ಬರೆಯುತ್ತಿದ್ದರು. ಹುಡುಗಿ ಕಾಯುವವಳು, ಅಳುವವಳು, ಕೊನೆಗೆ ಯಾರದೋ ಕೈಹಿಡಿಯುವವಳು. ಈ ಕಲಾವಿದೆಯರು ಆ ಚೌಕಟ್ಟಿನಿಂದ ಹೊರಬರಲು ಯುರೋಪಿನ ವಸತಿ ಶಾಲೆಗಳ ಹುಡುಗರನ್ನು ಕಥೆಗೆ ತಂದರು. ಹಾಗಿಯೊ ಅವರ ‘ದಿ ಹಾರ್ಟ್ ಆಫ್ ಥಾಮಸ್’ 1974ರಲ್ಲಿ ಬಂತು. ತಾಕೆಮಿಯಾ ತಮ್ಮ ‘ಕಾಜೆ ತೊ ಕಿ ನೊ ಉತಾ’ ಕೃತಿಗಾಗಿ ಸಂಪಾದಕರ ಜೊತೆ ವರ್ಷಗಟ್ಟಲೆ ಗುದ್ದಾಡಿದರು. ಅದು ಅಚ್ಚಾಗಲು 1976ರವರೆಗೆ ಕಾಯಬೇಕಾಯಿತು. 1975ರ ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಕಾಮಿಕ್ ಮಾರ್ಕೆಟ್ ಎಂಬ ಮೇಳ ಶುರುವಾಯಿತು. ಓದುಗರು ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಿಕೆಗಳನ್ನು ಮಾರುವ ಜಾಗ ಅದು. ಮೊದಲ ಮೇಳಕ್ಕೆ ಬಂದವರಲ್ಲಿ ಹೆಚ್ಚಿನವರು ಹುಡುಗಿಯರು. ಓದುವವಳೇ ಬರೆಯುವವಳೂ ಆಗುವ ಪದ್ಧತಿ ಅಲ್ಲಿಂದ ಬೇರುಬಿಟ್ಟಿತು. 1978ರಲ್ಲಿ ‘ಜೂನ್’ ಎಂಬ ಪತ್ರಿಕೆಯೇ ಇಂಥ ಕಥೆಗಳಿಗೆಂದು ಹೊರಟಿತು.

ಹೆಣ್ಣಿಗೆ ಇಲ್ಲಿ ಸಿಗುವುದೇನು? ಏಷ್ಯಾದ ಬಹುತೇಕ ಮನೆಗಳಲ್ಲಿ ಗಂಡು–ಹೆಣ್ಣಿನ ಪ್ರೀತಿ ಎಂದ ಕೂಡಲೇ ಅದರ ಹಿಂದೆಯೇ ಒಂದು ಪಟ್ಟಿ ಬರುತ್ತದೆ. ಅಡುಗೆ ಯಾರು ಮಾಡಬೇಕು, ಕೆಲಸ ಯಾರು ಬಿಡಬೇಕು, ಊರು ಯಾರು ಬದಲಿಸಬೇಕು, ಮಗು ಯಾವಾಗ. ಪ್ರೇಮಕಥೆ ನೋಡುವ ಹುಡುಗಿ ನಾಯಕಿಯ ಜಾಗದಲ್ಲಿ ತನ್ನನ್ನು ಕೂರಿಸಿಕೊಂಡರೆ ಆ ಪಟ್ಟಿಯನ್ನೂ ಹೊರಬೇಕು. ಇಬ್ಬರೂ ಗಂಡಾದಾಗ ಯಾರ ಕೆಲಸ ಯಾವುದು ಎಂಬುದು ಹುಟ್ಟಿನಿಂದ ತೀರ್ಮಾನವಾಗಿರುವುದಿಲ್ಲ. ಇಬ್ಬರೂ ಮಾತಾಡಿಕೊಂಡು ಹೊಂದಿಸಿಕೊಳ್ಳಬೇಕು. ಹುಡುಗಿಯರು ಕಣ್ಣಿಟ್ಟು ನೋಡುವುದು ಈ ಮಾತಾಡಿಕೊಳ್ಳುವುದನ್ನೇ.

ಜಪಾನಿನ ‘ಚೆರ್ರಿ ಮ್ಯಾಜಿಕ್’ ಇದಕ್ಕೆ ಒಳ್ಳೆಯ ನಿದರ್ಶನ. ಯೂ ತೊಯೊತಾ ಅವರ ಚಿತ್ರಕಥೆಯನ್ನು ಆಧರಿಸಿ 2020ರ ಕೊನೆಯ ತಿಂಗಳುಗಳಲ್ಲಿ ಟಿವಿ ಟೋಕಿಯೋ 12 ಕಂತುಗಳಲ್ಲಿ ಇದನ್ನು ಪ್ರಸಾರ ಮಾಡಿತು. ಅದಾಚಿ ಎಂಬ ಸಂಕೋಚದ ಗುಮಾಸ್ತನಿಗೆ 30 ತುಂಬಿದ ದಿನ ಒಂದು ಶಕ್ತಿ ಬರುತ್ತದೆ. ಯಾರನ್ನು ಮುಟ್ಟಿದರೂ ಅವರ ಮನಸ್ಸಿನ ಮಾತು ಕೇಳಿಸುತ್ತದೆ. ಕಿಕ್ಕಿರಿದ ಲಿಫ್ಟಿನಲ್ಲಿ ಪಕ್ಕದಲ್ಲಿ ನಿಂತವನ ಮೈ ತಾಕುತ್ತದೆ. ಆಫೀಸಿನಲ್ಲೆಲ್ಲ ಎಲ್ಲರೂ ಮೆಚ್ಚುವ ಕುರೊಸಾವಾ ಅವನು. ಆತನ ಮನಸ್ಸಿನ ತುಂಬ ತಾನೇ ಇದ್ದೇನೆ ಎಂದು ಅದಾಚಿಗೆ ತಿಳಿಯುವುದು ಹೀಗೆ. ಅಲ್ಲಿಂದ ಮುಂದೆ ಕಥೆ ಹಿಡಿಯುವ ದಾರಿ ಹೃದ್ಯವಾದದ್ದು. ಕುರೊಸಾವಾ ಒತ್ತಾಯಿಸುವುದಿಲ್ಲ, ಮನಸ್ಸಿನೊಳಗೇ ಹಿಂಜರಿದು ಹಿಂದೆ ಸರಿಯುತ್ತಾನೆ. ಅವನು ಬಾಯಿಬಿಟ್ಟು ಹೇಳದ ಆ ಹಿಂಜರಿಕೆಯೂ ಅದಾಚಿಗೆ ಕೇಳಿಸುತ್ತದೆ. ತನ್ನ ಒಪ್ಪಿಗೆಯನ್ನು ಇಷ್ಟು ಗೌರವದಿಂದ ಕಾಯುವ ಗಂಡು ಎಷ್ಟು ಹುಡುಗಿಯರಿಗೆ ತೆರೆಯ ಮೇಲೆ ಕಾಣಸಿಕ್ಕಿದ್ದಾನೆ? ‘ಇವರಿಗೇನಾಗಬೇಕು’ ಎಂದು ಕೇಳುವವರಿಗೆ ಈ ಹನ್ನೆರಡು ಕಂತುಗಳೇ ಸಾಕಷ್ಟು ಉತ್ತರ ಹೇಳುತ್ತವೆ.

ಜಪಾನಿನದೇ ಇನ್ನೊಂದು ಧಾರಾವಾಹಿ ‘ವಾಟ್ ಡಿಡ್ ಯೂ ಈಟ್ ಯೆಸ್ಟರ್‌ಡೇ?’. ಇದನ್ನು ಕಟ್ಟುನಿಟ್ಟಾಗಿ ಬಿಎಲ್ ಎನ್ನುವುದು ಕಷ್ಟ. ಮೂಲ ಚಿತ್ರಕಥೆ 2007ರಿಂದ ಗಂಡಸರ ವಾರಪತ್ರಿಕೆ ‘ಮಾರ್ನಿಂಗ್’ನಲ್ಲಿ ಬರುತ್ತಿದೆ. ಆದರೆ ಅದರ ಲೇಖಕಿ ಫುಮಿ ಯೊಶಿನಾಗಾ ಬಿಎಲ್‌ನಿಂದಲೇ ಬಂದವರು, ಅಭಿಮಾನಿಗಳೂ ಅದನ್ನು ತಮ್ಮದೆಂದೇ ಅಪ್ಪಿಕೊಂಡಿದ್ದಾರೆ. ವಕೀಲ ಶಿರೊ, ಕ್ಷೌರಿಕ ಕೆಂಜಿ, ಇಬ್ಬರಿಗೂ ನಡುವಯಸ್ಸು. ಶಿರೊ ಸಂಜೆ ಆಫೀಸು ಮುಗಿಸಿ ನೇರ ಅಂಗಡಿಗೆ ಹೋಗಿ ಯಾವ ತರಕಾರಿ ಅಗ್ಗ ಎಂದು ನೋಡುತ್ತಾನೆ. ತಿಂಗಳ ಅಡುಗೆ ಖರ್ಚು 25,000 ಯೆನ್ ಮೀರಬಾರದು ಎಂಬುದು ಅವನ ಹಟ. ಮನೆಗೆ ಬಂದು ಒಂದು ಒಲೆಯ ಮೇಲೆ ಸಾರು, ಇನ್ನೊಂದರ ಮೇಲೆ ಪಲ್ಯ ಇಟ್ಟು, ನಡುವೆ ಮೀನಿಗೆ ಮಸಾಲೆ ಹಚ್ಚುವುದನ್ನು ಕ್ಯಾಮೆರಾ ಬೇಸರವಿಲ್ಲದೆ ತೋರಿಸುತ್ತದೆ. ಮಗ ಯಾರೊಂದಿಗೆ ಬದುಕುತ್ತಿದ್ದಾನೆಂದು ಗೊತ್ತಿದ್ದೂ ಏನು ಮಾತಾಡಬೇಕೆಂದು ತಿಳಿಯದ ಅಪ್ಪ–ಅಮ್ಮನೂ ಕಥೆಯಲ್ಲಿದ್ದಾರೆ. ಶಿರೊ ಪಾತ್ರ ಮಾಡಿದ ಹಿದೆತೊಶಿ ನಿಶಿಜಿಮಾ ಆಮೇಲೆ ‘ಡ್ರೈವ್ ಮೈ ಕಾರ್’ ಚಿತ್ರದ ನಾಯಕನಾದರು. ಆ ಚಿತ್ರಕ್ಕೆ ಅತ್ಯುತ್ತಮ ಅಂತರರಾಷ್ಟ್ರೀಯ ಚಿತ್ರದ ಆಸ್ಕರ್ ಬಂತು. ಇಂಥ ಪಾತ್ರ ಮಾಡಿದರೆ ನಟನ ಭವಿಷ್ಯ ಹಾಳಾಗುತ್ತದೆ ಎನ್ನುವವರು ಇದನ್ನು ಗಮನಿಸಬೇಕು.

ಬಿಎಲ್ ಅನ್ನು ದೊಡ್ಡ ಉದ್ಯಮ ಮಾಡಿದ್ದು ಥಾಯ್ಲೆಂಡ್. ಅಲ್ಲೂ ಕಥೆಗಳು ಮೊದಲು ಹುಟ್ಟಿದ್ದು ಓದುಗರ ನಡುವೆಯೇ. ಹದಿಹರೆಯದ, ಕಾಲೇಜು ವಯಸ್ಸಿನ ಹುಡುಗಿಯರು ಆನ್‌ಲೈನಿನಲ್ಲಿ ಅಧ್ಯಾಯ ಅಧ್ಯಾಯವಾಗಿ ಕಾದಂಬರಿ ಬರೆದರು. ಸಾವಿರಾರು ಜನ ಮುಂದಿನ ಅಧ್ಯಾಯಕ್ಕೆ ಕಾದರು. 2014ರ ‘ಲವ್ ಸಿಕ್’, 2016ರ ‘ಸೋಟಸ್’, 2020ರ ‘ಟುಗೆದರ್’, ಮೂರೂ ಹೀಗೆ ಓದುಗರ ಬಲದಿಂದಲೇ ಟಿವಿಗೆ ಬಂದವು. ‘ಟುಗೆದರ್’ ಬಂದದ್ದು ಆ ವರ್ಷದ ಫೆಬ್ರುವರಿಯಿಂದ ಮೇವರೆಗೆ, ಅರ್ಧ ಜಗತ್ತು ಲಾಕ್‌ಡೌನ್‌ನಲ್ಲಿ ಮನೆಯೊಳಗೆ ಕೂತಿದ್ದಾಗ. ಭಾರತದ ಅನೇಕರಿಗೆ ಥಾಯ್ ಬಿಎಲ್‌ನ ಮೊದಲ ಪರಿಚಯವಾದದ್ದು ಆಗಲೇ.

ಆರಂಭದ ಈ ಕಥೆಗಳಲ್ಲಿ ಕಿರಿಕಿರಿ ಮಾಡುವ ಸಂಗತಿಗಳು ಬೇಕಾದಷ್ಟಿದ್ದವು. ‘ಸೋಟಸ್’ನ ಮೊದಲ ಕಂತಿನಲ್ಲೇ ರ್‍ಯಾಗಿಂಗ್ ಮಾಡುವ ಸೀನಿಯರ್‌ಗೆ ಎದುರು ನಿಂತ ಹೊಸ ವಿದ್ಯಾರ್ಥಿ, ನಿಮ್ಮನ್ನು ನನ್ನ ಹೆಂಡತಿ ಮಾಡಿಕೊಳ್ಳುತ್ತೇನೆ ಎಂದು ಎಲ್ಲರ ಮುಂದೆ ಸವಾಲು ಹಾಕುತ್ತಾನೆ. ಗಂಡನಾದವನು ಮೇಲು, ಹೆಂಡತಿಯಾದವನು ಕೆಳಗೆ ಎಂಬ ಹಳೆಯ ಲೆಕ್ಕವೇ ಇಬ್ಬರು ಗಂಡುಗಳ ನಡುವೆಯೂ ನುಸುಳಿತ್ತು. ನಾನು ಗೇ ಅಲ್ಲ, ನಿನ್ನೊಬ್ಬನನ್ನು ಮಾತ್ರ ಪ್ರೀತಿಸುತ್ತೇನೆ ಎನ್ನುವ ನಾಯಕರು ಸಾಲು ಸಾಲಾಗಿ ಬಂದರು. ಹುಡುಗಿ ಎಂದರೆ ಬಹುಪಾಲು ಹೊಟ್ಟೆಕಿಚ್ಚಿನ ಖಳನಾಯಕಿ. 2019ರ ‘ಥಾರ್ನ್‌ಟೈಪ್’ನಲ್ಲಿ ಒಪ್ಪಿಗೆ ಇಲ್ಲದೆ ಮೈಮುಟ್ಟುವುದೇ ಪ್ರೀತಿಯ ಮೊದಲ ಹೆಜ್ಜೆ ಎಂಬಂತಿತ್ತು. ಈ ಕಥೆಗಳನ್ನು ಯಾವ ಮೆಚ್ಚುಗೆಯ ಮಾತೂ ಸಮರ್ಥಿಸಲಾರದು, ಸಮರ್ಥಿಸಲೂಬಾರದು.

ಸಮರ್ಥಿಸದವರಲ್ಲಿ ಮೊದಲಿಗರು ಅಭಿಮಾನಿಗಳೇ. ಪ್ರತಿ ಕಂತಿನ ಕೊನೆಗೆ ಪುಟಗಟ್ಟಲೆ ವಾದ ಮಾಡಿದವರು ಅವರು. ಒಪ್ಪಿಗೆ ಎಲ್ಲಿತ್ತು, ಹೆಂಡತಿ ಎಂದು ಹಂಗಿಸಿದ್ದು ಯಾಕೆ, ಹುಡುಗಿ ಯಾಕೆ ಕೆಟ್ಟವಳೇ ಆಗಬೇಕು ಎಂದು ಕೇಳಿದವರು ಅವರು. ಥಾಯ್ಲೆಂಡಿನ ಗೇ ನೋಡುಗರು ಅವರ ಜೊತೆ ದನಿಗೂಡಿಸಿದರು: ನಮ್ಮ ಬದುಕು ನಿಮಗೆ ಬರೀ ಕಚಗುಳಿಯೇ, ನಮ್ಮ ಮನೆ, ನಮ್ಮ ಭಯ, ನಮ್ಮ ಹಕ್ಕು ನಿಮ್ಮ ಕಥೆಗಳಲ್ಲಿ ಯಾಕಿಲ್ಲ? ಈ ಒತ್ತಡ ತೆರೆಯ ಮೇಲೆ ಫಲ ಕೊಟ್ಟಿತು ಎಂದು ಹೇಳಲು ಈಚಿನ ಕೆಲವು ವರ್ಷಗಳ ಧಾರಾವಾಹಿಗಳನ್ನು ನೋಡಿದರೆ ಸಾಕು.

‘ಬ್ಯಾಡ್ ಬಡ್ಡಿ’ 2021ರ ಅಕ್ಟೋಬರಿನಲ್ಲಿ ಶುರುವಾಯಿತು. ನಿರ್ದೇಶಕ ನೊಪ್ಪರ್ನಾಚ್ ಚೈವಿಮೊಲ್. ಅಭಿಮಾನಿಗಳ ಬಾಯಲ್ಲಿ ‘ಪೀ ಆಫ್’, ಅಂದರೆ ಆಫ್ ಅಣ್ಣ. ಪ್ಯಾಟ್ ಮತ್ತು ಪ್ರಾನ್ ಅಕ್ಕಪಕ್ಕದ ಮನೆಯ ಹುಡುಗರು. ಎರಡು ಮನೆಗಳಿಗೂ ಹಳೆಯ ದ್ವೇಷ. ಮಕ್ಕಳು ಅಂಕದಿಂದ ಹಿಡಿದು ಎಲ್ಲದರಲ್ಲೂ ಪಕ್ಕದ ಮನೆಯವನನ್ನು ಸೋಲಿಸಲೇಬೇಕು. ಕಾಲೇಜಿಗೆ ಬಂದರೆ ಒಬ್ಬ ಎಂಜಿನಿಯರಿಂಗ್, ಇನ್ನೊಬ್ಬ ಆರ್ಕಿಟೆಕ್ಚರ್. ಆ ಎರಡು ವಿಭಾಗಗಳಿಗೂ ಜಗಳ. ಐದನೇ ಕಂತಿನ ಕೊನೆಗೆ ಕಟ್ಟಡವೊಂದರ ತಾರಸಿಯ ಮೇಲೆ ಇಬ್ಬರ ವಾಗ್ವಾದ ಮುತ್ತಿನಲ್ಲಿ ಮುಗಿಯುತ್ತದೆ. ಪ್ರಾನ್ ಅದನ್ನೊಪ್ಪಿ, ಮರುಗಳಿಗೆಯಲ್ಲೇ ಹೆದರಿ, ಏನೂ ಹೇಳದೆ ನಡೆದುಬಿಡುತ್ತಾನೆ. ಇಷ್ಟು ವರ್ಷ ಬಚ್ಚಿಟ್ಟುಕೊಂಡದ್ದು ಕೈಗೆ ಬಂದಾಗ ಹುಟ್ಟುವ ದಿಗಿಲು ಪ್ರಾನ್ ಪಾತ್ರದ ನಾನೊನ್ ಕೊರಪತ್ ಅವರ ಮುಖದಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಯಾವ ಸಂಭಾಷಣೆಯಲ್ಲೂ ಬರಲಾರದು. ಈ ಕಥೆಯಲ್ಲಿ ಗಂಡ ಯಾರು, ಹೆಂಡತಿ ಯಾರು ಎಂಬ ಲೆಕ್ಕವನ್ನು ಬೇಕೆಂದೇ ಪಕ್ಕಕ್ಕೆ ತಳ್ಳಲಾಗಿದೆ. ಹಳೆಯ ರೂಢಿಯಂತಾಗಿದ್ದರೆ ಇಂಕ್ ಎಂಬ ಹುಡುಗಿ ಖಳನಾಯಕಿಯಾಗಬೇಕಿತ್ತು. ಇಲ್ಲಿ ಅವಳು ಒಳ್ಳೆಯ ಗೆಳತಿ, ಪ್ಯಾಟ್‌ನ ತಂಗಿಯ ಜೊತೆ ಅವಳಿಗೂ ಒಂದು ಪ್ರೇಮಕಥೆಯಿದೆ. ಕೊನೆಗೂ ಎರಡು ಮನೆಯವರು ಪೂರ್ತಿ ರಾಜಿಯಾಗುವುದಿಲ್ಲ. ಕಂಡೂ ಕಾಣದಂತಿರುತ್ತಾರೆ. ಮಕ್ಕಳೂ ಹಾಗೇ ನಟಿಸುತ್ತಾ ತಮ್ಮ ಬದುಕು ಕಟ್ಟಿಕೊಳ್ಳುತ್ತಾರೆ. ಎಷ್ಟೋ ಮನೆಗಳಲ್ಲಿ ನಡೆಯುವುದೂ ಇದೇ.

ಅದೇ ನಿರ್ದೇಶಕರ ‘ಮೂನ್‌ಲೈಟ್ ಚಿಕನ್’ 2023ರಲ್ಲಿ ಬಂತು, ಎಂಟೇ ಕಂತು. ಪಟ್ಟಾಯದಲ್ಲಿ ರಾತ್ರಿ ಕೋಳಿ ಅನ್ನ ಮಾರುವ ಜಿಮ್‌ನ ಕಥೆ. ಕಾಲೇಜಿನ ಕ್ಯಾಂಪಸ್ ಇಲ್ಲ, ಸಾಲವಿದೆ, ಬಾಡಿಗೆಯಿದೆ, ಬೆಳೆಯುತ್ತಿರುವ ಅಕ್ಕನ ಮಗ ಲಿ ಮಿಂಗ್ ಇದ್ದಾನೆ. ಆ ಹುಡುಗ ಪ್ರೀತಿಸುವ ಹಾರ್ಟ್ ಎಂಬವನಿಗೆ ಕಿವಿ ಕೇಳಿಸುವುದಿಲ್ಲ. ಹೆತ್ತವರು ಹಾರ್ಟ್‌ನನ್ನು ಮನೆಯೊಳಗೇ ಇಟ್ಟುಕೊಂಡಿದ್ದಾರೆ, ಸಂಕೇತ ಭಾಷೆ ಕಲಿತಿಲ್ಲ. ಲಿ ಮಿಂಗ್ ಕಲಿಯುತ್ತಾನೆ. ಹೆತ್ತವರಿಗೂ ಮಗನಿಗೂ ನಡುವೆ ನಿಂತು ಅವನು ಕೈಯಲ್ಲಿ ಮಾತಾಡುವುದನ್ನು ನೋಡಿದವರು ಈ ಪ್ರಕಾರ ಎಲ್ಲಿಂದ ಎಲ್ಲಿಗೆ ಬಂದಿದೆ ಎಂದು ತಾವೇ ಅಳೆದುಕೊಳ್ಳಬಹುದು.

ಇನ್ನು ಅಭಿಮಾನದ ಕಷ್ಟದ ಮಗ್ಗುಲು.

ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ ಕೊಡುವ ಧಾರಾವಾಹಿಗೆ ದುಡ್ಡು ಎಲ್ಲಿಂದಲಾದರೂ ಬರಬೇಕು. ಒಂದಿಷ್ಟು ಬರುವುದು ಜಾಹೀರಾತಿನಿಂದ. ಅದಕ್ಕೇ ನಾಯಕ ಕಥೆಯ ನಡುವೆ ಮುಖಕ್ಕೆ ಹಚ್ಚುವ ಕ್ರೀಮಿನ ಡಬ್ಬಿ ತೆಗೆದು ಹೆಸರು ಕಾಣುವಂತೆ ಹಿಡಿಯುವುದು. ಇನ್ನೊಂದಿಷ್ಟು ಬರುವುದು ಜೋಡಿಗಳಿಂದ. ಒಂದು ಧಾರಾವಾಹಿಯಲ್ಲಿ ಗೆದ್ದ ಇಬ್ಬರು ನಟರನ್ನು ಕಂಪನಿಗಳು ಮತ್ತೆ ಮತ್ತೆ ಒಟ್ಟಿಗೇ ತರುತ್ತವೆ. ಆಫ್ ಜುಂಪೊಲ್ ಮತ್ತು ಗನ್ ಅತ್ಥಫನ್ 2016ರಲ್ಲಿ ‘ಪಪಿ ಹನಿ’ಯಲ್ಲಿ ಜೋಡಿಯಾದರು, 2019ರಲ್ಲಿ ‘ಥಿಯರಿ ಆಫ್ ಲವ್’, 2021ರಲ್ಲಿ ‘ನಾಟ್ ಮಿ’. ಜಾಹೀರಾತು, ರಿಯಾಲಿಟಿ ಕಾರ್ಯಕ್ರಮ, ದೇಶ ದೇಶಗಳಲ್ಲಿ ಫ್ಯಾನ್ ಮೀಟ್, ಎಲ್ಲಕ್ಕೂ ಜೋಡಿಯಾಗಿಯೇ ಹೋಗಬೇಕು. ವೇದಿಕೆಯ ಮೇಲೆ ಒಬ್ಬರ ಬೆವರು ಇನ್ನೊಬ್ಬರು ಒರೆಸಿದರೆ ಚಪ್ಪಾಳೆ. ತೆರೆಯ ಮೇಲಿನ ಪ್ರೀತಿ ಹೊರಗೂ ನಿಜವಿರಬಹುದೇನೋ ಎಂಬ ಆಸೆಯನ್ನು ಬೆಳೆಸುವುದೇ ಈ ವ್ಯಾಪಾರದ ಬಂಡವಾಳ.

ಆಸೆ ಪಡುವುದು ತಪ್ಪಲ್ಲ. ಆ ನಟನಿಗೆ ನಿಜಜೀವನದಲ್ಲಿ ಒಬ್ಬಳು ಗೆಳತಿಯೋ ಒಬ್ಬ ಗೆಳೆಯನೋ ಇದ್ದಾನೆಂದು ತಿಳಿದ ದಿನ ಅವರ ಮೇಲೆ ಮುಗಿಬೀಳುವುದು ತಪ್ಪು. ಇಪ್ಪತ್ತು ಇಪ್ಪತ್ತೈದರ ಹುಡುಗರು ತಮ್ಮ ಪ್ರೀತಿಯನ್ನು ಬಚ್ಚಿಡಬೇಕಾಗಿ ಬರುವುದು, ಅದೂ ಪ್ರೀತಿಯನ್ನು ಬಚ್ಚಿಡಬೇಡಿ ಎಂದು ಹೇಳುವ ಕಥೆಗಳಲ್ಲಿ ನಟಿಸಿದ್ದಕ್ಕೆ! ಅಭಿಮಾನಿಗಳನ್ನು ದೇವರೆಂದು ಕರೆದ ಡಾ. ರಾಜ್‌ಕುಮಾರ್ ಅವರ ನಾಡಿನವರಿಗೆ ಅಭಿಮಾನದ ಬಿಸಿ ಹೊಸತಲ್ಲ. ಒಬ್ಬ ನಟನ ಅಭಿಮಾನಿಗಳು ಇನ್ನೊಬ್ಬ ನಟನ ಮನೆಯವರನ್ನೂ ಬಿಡದೆ ಬಯ್ಯುವುದನ್ನು ಕನ್ನಡಿಗರು ದಿನಾ ಮೊಬೈಲಿನಲ್ಲಿ ನೋಡುತ್ತಿದ್ದಾರೆ. ನಿರ್ಮಾಪಕರನ್ನು ಎಷ್ಟು ಬೇಕಾದರೂ ಪ್ರಶ್ನಿಸಲಿ, ನಟರ ಖಾಸಗಿ ಬದುಕನ್ನು ಬಿಟ್ಟುಬಿಡಲಿ. ಬಿಎಲ್ ಅಭಿಮಾನಿಗಳು ತಮ್ಮೊಳಗೇ ಗಟ್ಟಿಯಾಗಿ ಹೇಳಿಕೊಳ್ಳಬೇಕಾದ ಮಾತು ಇದು.

ಅಭಿಮಾನದ ಬಲ ಅಡ್ಡದಾರಿ ಹಿಡಿದರೆ ಏನಾಗುತ್ತದೆ ಎಂಬುದನ್ನು ಚೀನಾ ತೋರಿಸಿದೆ. ಅಲ್ಲಿ 2016ರಲ್ಲಿ ‘ಅಡಿಕ್ಟೆಡ್’ ಎಂಬ ಧಾರಾವಾಹಿಯನ್ನು ಕೊನೆಯ ಮೂರು ಕಂತು ಬಾಕಿಯಿರುವಾಗಲೇ ಕಿತ್ತುಹಾಕಿದರು. ಆಮೇಲೆ ಬಂದ ನಿರ್ಮಾಪಕರು ಪ್ರೀತಿಯನ್ನು ಗೆಳೆತನವೆಂದು ಬದಲಿಸಿ ಸೆನ್ಸಾರ್ ದಾಟಿಸುವ ದಾರಿ ಹುಡುಕಿಕೊಂಡರು. ಮೊ ಷಿಯಾಂಗ್ ತೊಂಗ್ ಷಿಯು ಅವರ ಕಾದಂಬರಿ ಆಧರಿಸಿ 2019ರಲ್ಲಿ ಬಂದ 50 ಕಂತುಗಳ ‘ದಿ ಅನ್‌ಟೇಮ್ಡ್’ ಅದರ ಶಿಖರ. ಇಬ್ಬರು ನಾಯಕರಲ್ಲಿ ಒಬ್ಬನಾದ ವೇಯ್ ವುಷ್ಯೆನ್ ಸತ್ತು ಹದಿನಾರು ವರ್ಷ. ಸತ್ತವರ ಆತ್ಮವನ್ನು ವಿಚಾರಿಸುವ ಒಂದು ರಾಗವನ್ನು ಲಾನ್ ವಾಂಗ್‌ಜಿ ತನ್ನ ಗುಛಿನ್ ವಾದ್ಯದಲ್ಲಿ ಆ ವರ್ಷಗಳಲ್ಲೆಲ್ಲ ನುಡಿಸಿದ್ದಾನೆ, ಉತ್ತರ ಬಂದಿಲ್ಲ. ಐವತ್ತು ಕಂತುಗಳಲ್ಲಿ ಇವರಿಬ್ಬರಲ್ಲಿ ಯಾರೂ ‘ಪ್ರೀತಿ’ ಎಂದು ಬಾಯಿಬಿಡುವುದಿಲ್ಲ. ಬಾಯಿಬಿಡಬೇಕಾಗಿಯೂ ಇಲ್ಲ. ಕಾದಂಬರಿ ಓದಿದ ನೋಡುಗರಿಗೆ ಆ ತಂತಿಯ ನಾದದಲ್ಲೇ ಎಲ್ಲವೂ ಕೇಳಿಸಿತು. ವೇಯ್ ವುಷ್ಯೆನ್ ಪಾತ್ರದ ಷಿಯಾವ್ ಝಾನ್ ರಾತ್ರಿ ಬೆಳಗಾಗುವುದರಲ್ಲಿ ದೇಶದ ದೊಡ್ಡ ತಾರೆಯಾದರು.

2020ರ ಫೆಬ್ರುವರಿ 27ರಂದು ಅವರ ಅಭಿಮಾನಿಗಳಲ್ಲಿ ಒಂದು ಗುಂಪು, ಷಿಯಾವ್ ಝಾನ್‌ರನ್ನು ಪಾತ್ರ ಮಾಡಿ ಬರೆದ ಕಥೆಯೊಂದು ಅವರಿಗೆ ಅವಮಾನ ಎಂದು ಸಿಟ್ಟಾಗಿ, ಅದು ಪ್ರಕಟವಾಗಿದ್ದ ಎಒ3 ಎಂಬ ತಾಣದ ಮೇಲೆ ಸರ್ಕಾರಕ್ಕೆ ಸಾಮೂಹಿಕ ದೂರು ಕೊಡಲು ಮುಂದಾಯಿತು. ಎಒ3 ಓದುಗರೇ ಕಟ್ಟಿಕೊಂಡ ಕಥಾಭಂಡಾರ. ಹಿಂದಿನ ವರ್ಷವಷ್ಟೇ ಅದಕ್ಕೆ ಹ್ಯೂಗೊ ಪ್ರಶಸ್ತಿ ಬಂದಿತ್ತು. ಎರಡೇ ದಿನದಲ್ಲಿ ಚೀನಾದಲ್ಲಿ ಎಒ3 ತೆರೆಯದಾಯಿತು. ಒಂದು ಕಥೆಯ ಮೇಲಿನ ಕೋಪಕ್ಕೆ ಲಕ್ಷಾಂತರ ಬರಹಗಾರರು, ಓದುಗರು ತಮ್ಮ ಜಾಗ ಕಳೆದುಕೊಂಡರು. ಸಿಟ್ಟಿಗೆದ್ದ ಇನ್ನೊಂದು ಬಣ ಷಿಯಾವ್ ಝಾನ್ ಜಾಹೀರಾತು ಮಾಡುತ್ತಿದ್ದ ಸರಕುಗಳಿಗೆಲ್ಲ ಬಹಿಷ್ಕಾರ ಹಾಕಿತು. ನಟನ ಮೇಲಿನ ಪ್ರೀತಿ ನಟನಿಗೂ ಒಳಿತು ಮಾಡಲಿಲ್ಲ, ಆ ನಟನನ್ನು ತಾರೆ ಮಾಡಿದ ಕಥಾಲೋಕಕ್ಕೂ ಮಾಡಲಿಲ್ಲ. ಬಾಯಿ ಮುಚ್ಚಿಸಲೆಂದೇ ಕಾದು ಕೂತ ವ್ಯವಸ್ಥೆಗೆ ಅಭಿಮಾನಿಗಳೇ ಬಾಗಿಲು ತೆರೆದುಕೊಟ್ಟರು.

ಬರೆಯುವವರ ಗತಿ ಅಲ್ಲಿ ಇನ್ನೂ ಭೀಕರ. ಥ್ಯೆನ್‌ಯಿ ಎಂಬ ಕಾವ್ಯನಾಮದ ಲೇಖಕಿಯೊಬ್ಬರು ಇಬ್ಬರು ಗಂಡಸರ ಕಾಮ ಸಂಬಂಧದ ಕಾದಂಬರಿ ಬರೆದು ಮಾರಿದರೆಂದು 2018ರಲ್ಲಿ ಆನ್‌ಹುಯಿ ಪ್ರಾಂತ್ಯದ ನ್ಯಾಯಾಲಯ ಹತ್ತೂವರೆ ವರ್ಷ ಜೈಲು ವಿಧಿಸಿತು. ಕಾದಂಬರಿ ಹಸಿಬಿಸಿಯಾಗಿಯೇ ಇತ್ತೆಂದು ಒಪ್ಪಿಕೊಂಡರೂ ಹತ್ತೂವರೆ ವರ್ಷ! ಚೀನೀ ಧಾರಾವಾಹಿಗಳನ್ನು ಮನಸಾರೆ ಮೆಚ್ಚುವ ಹೊರದೇಶದ ಅಭಿಮಾನಿಗಳು ನಟರ ಹುಟ್ಟುಹಬ್ಬಕ್ಕೆ ಜಾಹೀರಾತು ಫಲಕ ಹಾಕಿಸಲು ದುಡ್ಡು ಕೂಡಿಸುತ್ತಾರೆ. ಈ ಹೆಣ್ಣುಮಗಳ ಹೆಸರು ಅವರಲ್ಲಿ ಎಷ್ಟು ಜನರ ನೆನಪಿನಲ್ಲಿದೆ?

ಎಒ3 ಮುಚ್ಚಿದ 2020ರಲ್ಲೇ ಬೇರೆ ಕಡೆ ಒಳ್ಳೆಯದೂ ನಡೆಯಿತು. ಫಿಲಿಪ್ಪೀನ್ಸ್‌ನ ‘ಗೇಮ್‌ಬಾಯ್ಸ್’ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. 2020ರ ಮೇ ತಿಂಗಳಲ್ಲಿ, ಚಿತ್ರೀಕರಣಕ್ಕೆ ಯಾರೂ ಮನೆಬಿಟ್ಟು ಬರಲಾಗದಿದ್ದಾಗ, ವೀಡಿಯೊ ಕಾಲ್‌ಗಳಲ್ಲೇ ಕಥೆ ಹೇಳಿದರು. ಒಬ್ಬ ಹುಡುಗನ ಅಪ್ಪ ಕೋವಿಡ್‌ನಿಂದ ಆಸ್ಪತ್ರೆಯಲ್ಲಿದ್ದಾನೆ, ಇನ್ನೊಬ್ಬ ಪರದೆಯ ಆಚೆಯಿಂದ ಸಮಾಧಾನ ಹೇಳುತ್ತಿದ್ದಾನೆ. ಮರುವರ್ಷ ಅದು ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. ಅದೇ 2020ರ ಏಪ್ರಿಲ್‌ನಲ್ಲಿ ‘ಟುಗೆದರ್’ ನಾಯಕ ಬ್ರೈಟ್ ವಚಿರಾವಿತ್ ಹಾಂಗ್‌ಕಾಂಗ್ ಅನ್ನು ದೇಶವೆಂದು ಕರೆದ ಟ್ವೀಟೊಂದನ್ನು ಮೆಚ್ಚಿದರೆಂದು ಚೀನೀ ರಾಷ್ಟ್ರವಾದಿಗಳು ಮುಗಿಬಿದ್ದರು. ಥಾಯ್ ಅಭಿಮಾನಿಗಳು ಎದುರು ನಿಂತರು, ತೈವಾನ್ ಮತ್ತು ಹಾಂಗ್‌ಕಾಂಗ್‌ನವರು ಜೊತೆಯಾದರು. ಮೂರೂ ಕಡೆ ಹಾಲು ಹಾಕಿದ ಚಹಾ ಕುಡಿಯುತ್ತಾರೆಂದು ಅದಕ್ಕೆ ‘ಮಿಲ್ಕ್ ಟೀ ಅಲೈಯನ್ಸ್’ ಎಂದು ಹೆಸರಾಯಿತು. ಪ್ರೇಮಕಥೆ ನೋಡುತ್ತಿದ್ದವರು ಪ್ರಜಾಪ್ರಭುತ್ವದ ಮಾತಾಡತೊಡಗಿದರು.

ಸಲಿಂಗ ಮದುವೆಯ ಕಾನೂನು ಬಂದದ್ದು ಧಾರಾವಾಹಿಗಳಿಂದ ಎಂದರೆ ಅದು ಹೋರಾಟಗಾರರಿಗೆ ಮಾಡುವ ಅನ್ಯಾಯ. ತೈವಾನಿನಲ್ಲಿ ದಶಕಗಟ್ಟಲೆ ಬೀದಿಯಲ್ಲೂ ಕೋರ್ಟಿನಲ್ಲೂ ಹೋರಾಡಿದ ಮೇಲೆ 2019ರ ಮೇ 24ರಿಂದ ಸಲಿಂಗ ಮದುವೆ ಕಾನೂನುಬದ್ಧವಾಯಿತು, ಏಷ್ಯಾದಲ್ಲೇ ಮೊದಲು. ಬಿಎಲ್‌ನ ತವರು ಜಪಾನಿನಲ್ಲಿ ಅಂಥ ಕಾನೂನು ಇನ್ನೂ ಬಂದಿಲ್ಲ. ಐವತ್ತು ವರ್ಷದ ಕಥೆಗಳಷ್ಟೇ ಸಾಲದು ಎಂಬುದಕ್ಕೆ ಇನ್ನೇನು ಸಾಕ್ಷಿ ಬೇಕು? ಥಾಯ್ಲೆಂಡಿನ ಕೆಳಮನೆ 2024ರ ಮಾರ್ಚ್ 27ರಂದು 400 ಮತಗಳ ಬೆಂಬಲದಿಂದ ಸಮಾನ ಮದುವೆ ಮಸೂದೆಯನ್ನು ಅಂಗೀಕರಿಸಿತು, ವಿರುದ್ಧ ಬಿದ್ದದ್ದು ಹತ್ತೇ ಮತ. ಕಾನೂನು ಜಾರಿಯಾದ 2025ರ ಜನವರಿ 23ರಂದು ಒಂದೇ ದಿನ 1,800ಕ್ಕೂ ಹೆಚ್ಚು ಜೋಡಿಗಳು ಮದುವೆ ನೋಂದಾಯಿಸಿದರು. ಅಲ್ಲಿನ ಹೋರಾಟಕ್ಕೂ ಬಹಳ ವರ್ಷಗಳ ಇತಿಹಾಸವಿದೆ. ಇಬ್ಬರು ಗಂಡುಗಳು ಒಂದೇ ತಟ್ಟೆಯಲ್ಲಿ ಉಣ್ಣುವುದನ್ನು ವಾರವಾರ ಟಿವಿಯಲ್ಲಿ ಕಂಡ ಮನೆಗಳಿಗೆ ಆ ಮಸೂದೆ ಅಪರಿಚಿತವಾಗಿ ತೋರಲಿಲ್ಲ ಎಂದಷ್ಟೇ ಧಾರಾವಾಹಿಗಳ ಪರವಾಗಿ ಹೇಳಬಹುದು. ಅಷ್ಟೂ ಸಣ್ಣದಲ್ಲ.

ಭಾರತದಲ್ಲಿ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮವನ್ನು ಅಪರಾಧದ ಪಟ್ಟಿಯಿಂದ ತೆಗೆಯಿತು. 2023ರ ಅಕ್ಟೋಬರ್ 17ರಂದು ಅದೇ ನ್ಯಾಯಾಲಯ ಮದುವೆಯ ಹಕ್ಕನ್ನು ಕೊಡಲಿಲ್ಲ, ಅದು ಶಾಸಕಾಂಗದ ಕೆಲಸ ಎಂದಿತು. ಕನ್ನಡದಲ್ಲಿ ವಸುಧೇಂದ್ರ ಅವರ ‘ಮೋಹನಸ್ವಾಮಿ’ 2013ರಲ್ಲೇ ಬಂದಿತ್ತು. ಅದೇ ವರ್ಷದ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಸಲಿಂಗ ಪ್ರೇಮವನ್ನು ಅಪರಾಧವೆನ್ನುವ 377ನೇ ಸೆಕ್ಷನ್ ಅನ್ನು ಮತ್ತೆ ಊರ್ಜಿತಗೊಳಿಸಿತು ಎಂಬುದನ್ನು ನೆನೆದರೆ ಆ ಪುಸ್ತಕದ ಧೈರ್ಯ ತಿಳಿಯುತ್ತದೆ. ಜೊತೆಯಲ್ಲಿ ಬದುಕಿದ ಗೆಳೆಯ ಹೆಣ್ಣು ಗೊತ್ತುಮಾಡಿಕೊಂಡು ಮದುವೆಗೆ ನಿಂತಾಗ ಮೋಹನಸ್ವಾಮಿ ಪಡುವ ಪಾಡನ್ನು ಓದಿದವರು ಮರೆಯಲಾರರು. ಆ ನೋವಿನ ಕಥೆಗಳು ಬೇಕೇ ಬೇಕು. ಆದರೆ ಚಿತ್ರದುರ್ಗದಲ್ಲೋ ಸಿರಸಿಯಲ್ಲೋ ತನ್ನ ಬಗ್ಗೆ ಈಗಷ್ಟೇ ಅರಿವು ಮೂಡುತ್ತಿರುವ ಹದಿನೆಂಟರ ಹುಡುಗನಿಗೆ ಸಿನಿಮಾದ ಹಾಸ್ಯ ದೃಶ್ಯಗಳಲ್ಲಿ ತನ್ನಂಥವರನ್ನು ಗೇಲಿ ಮಾಡುವುದು ಕಾಣುತ್ತದೆ, ಸಾಹಿತ್ಯದಲ್ಲಿ ತನ್ನಂಥವರು ಅಳುವುದು ಕಾಣುತ್ತದೆ. ತನ್ನಂಥವನು ನಗುನಗುತ್ತಾ ಬದುಕಿ, ಪ್ರೀತಿಸಿದವನ ಜೊತೆ ಮುದುಕನಾಗುವುದು ಅವನಿಗೆ ಕಾಣಸಿಗುವುದು ಥಾಯ್ ಭಾಷೆಯಲ್ಲಿ, ಇಂಗ್ಲಿಷ್ ಸಬ್‌ಟೈಟಲ್‌ನೊಂದಿಗೆ. ಬಿಎಲ್‌ನಲ್ಲಿ ಎಲ್ಲವೂ ಸುಖಾಂತ್ಯ ಎಂದು ಮೂಗು ಮುರಿಯುವ ವಿಮರ್ಶಕರು ಆ ಹುಡುಗನ ಕಡೆಯಿಂದ ಒಮ್ಮೆ ನೋಡಬೇಕು.

ಕನ್ನಡದ ಅಭಿಮಾನಿಗಳು ಥಾಯ್ ಹುಡುಗಿಯರಿಂದ ಕಲಿಯಬೇಕಾದದ್ದು ನಟರ ಫೋಟೊ ಸಂಗ್ರಹಿಸುವುದಕ್ಕಿಂತ ಮುಂದಿನದು. ಅಲ್ಲಿ ನಿರ್ಮಾಪಕರು ತಾವಾಗಿ ಬರಲಿಲ್ಲ. ಮೊದಲು ಹುಡುಗಿಯರು ಬರೆದರು, ಓದುಗರು ಸೇರಿದರು, ಆ ಸಂಖ್ಯೆ ನೋಡಿ ಟಿವಿಯವರು ಬಂದರು. ಕನ್ನಡದಲ್ಲಿ ಆ ಮೊದಲ ಹಂತಕ್ಕೆ ಜಾಗ ಆಗಲೇ ಸಿದ್ಧವಿದೆ. ಪ್ರತಿಲಿಪಿಯಂಥ ಆನ್‌ಲೈನ್ ತಾಣಗಳಲ್ಲಿ ಗೃಹಿಣಿಯರು, ಕಾಲೇಜು ಹುಡುಗಿಯರು, ಶಿಕ್ಷಕಿಯರು ಪ್ರೇಮಕಥೆಗಳನ್ನು ಕಂತುಕಂತಾಗಿ ಬರೆಯುತ್ತಿದ್ದಾರೆ, ‘ಮುಂದಿನ ಭಾಗ ಬೇಗ ಹಾಕಿ ಅಕ್ಕಾ’ ಎಂದು ಕೇಳುವ ಓದುಗರೂ ಇದ್ದಾರೆ. ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜೊಂದರ ಹಾಸ್ಟೆಲಿನ ಇಬ್ಬರು ಹುಡುಗರ ಕಥೆಯನ್ನು ಅಲ್ಲಿ ಯಾರಾದರೂ ಬರೆಯಲಿ. ಅದು ಬ್ಯಾಂಕಾಕ್‌ನ ನಕಲಾಗುವುದು ಬೇಡ. ಅದರಲ್ಲಿ ಜಾತಿ ಬರಬೇಕಾಗುತ್ತದೆ, ಒಬ್ಬನ ಮನೆಯಲ್ಲಿ ಜಾತಕ ತೆಗೆದಿಟ್ಟಿರುತ್ತಾರೆ, ಇನ್ನೊಬ್ಬನ ತಲೆಯ ಮೇಲೆ ತಂಗಿಯ ಮದುವೆಯ ಸಾಲವಿರುತ್ತದೆ, ಜಾತ್ರೆಗೆ ಊರಿಗೆ ಹೋದಾಗ ಗೆಳೆಯನನ್ನು ಏನೆಂದು ಪರಿಚಯಿಸುವುದು ಎಂಬ ಚಿಂತೆಯಿರುತ್ತದೆ. ಇಷ್ಟೆಲ್ಲ ಇಟ್ಟುಕೊಂಡೂ ಕೊನೆಯ ಕಂತಿನಲ್ಲಿ ಇಬ್ಬರೂ ಒಟ್ಟಿಗಿರುವಂತೆ ಬರೆಯುವುದು ಸುಲಭವಲ್ಲ. ಆದರೆ ವರ್ಷಗಟ್ಟಲೆ ಕಂತು ಕಂತು ಬಿಡಿಸಿ, ಎಲ್ಲಿ ಒಪ್ಪಿಗೆಯಿತ್ತು ಎಲ್ಲಿ ಇರಲಿಲ್ಲ ಎಂದು ವಾದ ಮಾಡಿ ಪಳಗಿದ ಈ ಹುಡುಗಿಯರಿಗಿಂತ ಅದಕ್ಕೆ ತಯಾರಾದವರು ಬೇರೆ ಯಾರಿದ್ದಾರೆ?